ಅರ್ಧ ವಿಜ್ಞಾನದ ಪೂರ್ತಿ ವ್ಯಾಪಾರ



ಬೆಲೆ ಮತ್ತು ಸಾಲದ ಬಗ್ಗೆ ಬರೆಯುವ ಪತ್ರಿಕೆಯಲ್ಲಿ ಈ ಸಲ ರಕ್ತದೊಳಗಿನ ಕೊಬ್ಬಿನ ಮಾತೇಕೆ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ನಿಮ್ಮ ಊರಿನಲ್ಲೇ ಇದೆ. ಸಾಲಕ್ಕೆ ಬಿದ್ದ ಮನೆಗಳನ್ನು ಒಂದು ಸಲ ಎಣಿಸಿ ನೋಡಿ. ಮಳೆ ಕೈಕೊಟ್ಟು ಬಿದ್ದವರು ಕೆಲವರು, ಬೋರ್‌ವೆಲ್ ಬತ್ತಿ ಬಿದ್ದವರು ಕೆಲವರು, ಬೆಲೆ ಕುಸಿದು ಬಿದ್ದವರು ಬಹಳ ಜನ. ಇವರ ಸಾಲಿನಲ್ಲಿ ಇನ್ನೊಂದು ಮನೆ ಇದ್ದೇ ಇರುತ್ತದೆ. ಯಜಮಾನ ಒಂದು ದಿನ ಬೆಳಗಿನ ಜಾವ ಎದೆ ಹಿಡಿದುಕೊಂಡು ಕೂತ. ಬಾಡಿಗೆ ಕಾರು ಮಾಡಿಕೊಂಡು ಪಟ್ಟಣಕ್ಕೆ ಓಡಿದರು. ಒಡವೆ ಗಿರವಿಗೆ ಹೋಯಿತು, ಎರಡು ಎಕರೆಯ ಪತ್ರ ಇನ್ನೊಬ್ಬರ ಪೆಟ್ಟಿಗೆ ಸೇರಿತು. ಮನುಷ್ಯ ಉಳಿದರೂ ಸಾಲ, ಉಳಿಯದಿದ್ದರೂ ಸಾಲ.

52 ದೇಶಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಲೆಕ್ಕ 2007ರಲ್ಲಿ ಪ್ರಕಟವಾಯಿತು. ನಮ್ಮ ಭಾಗದ, ಅಂದರೆ ದಕ್ಷಿಣ ಏಷ್ಯಾದ ಜನರಿಗೆ ಮೊದಲ ಹೃದಯಾಘಾತ ಆಗುವ ನಡುವಯಸ್ಸು 53 ವರ್ಷ. ಉಳಿದ ದೇಶದವರಿಗೆ ಸುಮಾರು 59. ಐವತ್ತಮೂರು ಅಂದರೆ ಏನು ಸ್ವಾಮಿ? ಮಗಳ ಮದುವೆ ಆಗಿಲ್ಲದ, ಮಗ ಇನ್ನೂ ಕೈಗೆ ಬಂದಿಲ್ಲದ, ಸೊಸೈಟಿ ಸಾಲ ತೀರಿಲ್ಲದ ವಯಸ್ಸು.

ಈ ಕಾಯಿಲೆಯ ಭಯದ ಮೇಲೆ ಎರಡು ವ್ಯಾಪಾರಗಳು ಚೆನ್ನಾಗಿ ಬೆಳೆದಿವೆ. ಒಂದು ಎಣ್ಣೆ ಡಬ್ಬದ್ದು, ಇನ್ನೊಂದು ಗುಳಿಗೆ ಡಬ್ಬದ್ದು. ಎರಡೂ ಮಾರುತ್ತಿರುವುದು ಅರ್ಧ ವಿಜ್ಞಾನವನ್ನು. ಪೂರ್ತಿ ವಿಜ್ಞಾನ ಗೊತ್ತಾದರೆ ನಾವು ಅಂಗಡಿಯಲ್ಲಿ ಕೇಳುವ ಪ್ರಶ್ನೆ ಬೇರೆ, ಸರ್ಕಾರದ ಮುಂದೆ ಇಡುವ ಬೇಡಿಕೆ ಬೇರೆ. ಆದ್ದರಿಂದ ಸ್ವಲ್ಪ ಸಮಾಧಾನದಿಂದ ಓದಿ.

ಡಬ್ಬದ ಮೇಲಿನ ನಿಜ, ಡಬ್ಬದೊಳಗಿನ ಮೋಸ

“ಇದರಲ್ಲಿ ಕೊಲೆಸ್ಟರಾಲ್ ಇಲ್ಲ” ಅಂತ ಎಣ್ಣೆ ಜಾಹೀರಾತುಗಳು ವರ್ಷಗಟ್ಟಲೆ ಕೂಗಿವೆ. ಸುಳ್ಳಲ್ಲ. ಆದರೆ ಯಾವ ಕಾಳಿನ ಎಣ್ಣೆಯಲ್ಲಿ ಕೊಲೆಸ್ಟರಾಲ್ ಇದೆ? ಕಡಲೇಕಾಯಿಯಲ್ಲಿ ಇಲ್ಲ, ಎಳ್ಳಿನಲ್ಲಿ ಇಲ್ಲ, ಹುಚ್ಚೆಳ್ಳಿನಲ್ಲಿ ಇಲ್ಲ, ಕುಸುಬೆಯಲ್ಲಿ ಇಲ್ಲ, ಕೊಬ್ಬರಿಯಲ್ಲೂ ಇಲ್ಲ. ಕೊಲೆಸ್ಟರಾಲ್ ಪ್ರಾಣಿಗಳ ಮೈಯಲ್ಲಿ ತಯಾರಾಗುವ ವಸ್ತು. ಗಿಡದ ಎಣ್ಣೆಯಲ್ಲಿ ಹುಡುಕಿದರೆ ಲೆಕ್ಕಕ್ಕೆ ಸಿಗದಷ್ಟು. “ನಮ್ಮ ರಾಗಿಯಲ್ಲಿ ಮೂಳೆ ಇಲ್ಲ” ಅಂತ ಬೋರ್ಡು ಬರೆಸಿ ಸೇರಿಗೆ ಎರಡು ರೂಪಾಯಿ ಹೆಚ್ಚು ಕೇಳಿದರೆ ನೀವು ಏನನ್ನುತ್ತೀರಿ? ಎಣ್ಣೆ ವಿಷಯದಲ್ಲಿ ನಾವೇ ಆ ಎರಡು ರೂಪಾಯಿ ಕೊಟ್ಟೆವು. ಊರಿನ ಗಾಣದ ಎಣ್ಣೆಯನ್ನು ಮಾತ್ರ ಅನುಮಾನದಿಂದ ನೋಡಿದೆವು.

ಕೊಲೆಸ್ಟರಾಲ್ ವಿಷವೂ ಅಲ್ಲ. ನಿಮ್ಮ ಮೈಯ ಒಂದೊಂದು ಜೀವಕೋಶದ ಗೋಡೆಗೂ ಅದು ಬೇಕು. ತಿಂದದ್ದಕ್ಕಿಂತ ಹೆಚ್ಚಿನ ಪಾಲನ್ನು ಮೈ ತಾನೇ ತಯಾರು ಮಾಡಿಕೊಳ್ಳುತ್ತದೆ. 1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅನಿಚ್ಕೋವ್ ಎಂಬ ವೈದ್ಯ ಮೊಲಗಳಿಗೆ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಶುದ್ಧ ಕೊಲೆಸ್ಟರಾಲ್ ತಿನ್ನಿಸಿದ. ಅವುಗಳ ರಕ್ತನಾಳದೊಳಗೆ ಕೊಬ್ಬು ಕಟ್ಟಿತು. ಬರೀ ಎಣ್ಣೆ ತಿಂದ ಮೊಲಗಳಿಗೆ ಏನೂ ಆಗಲಿಲ್ಲ. ರಕ್ತದಲ್ಲಿ ಕೊಲೆಸ್ಟರಾಲ್ ಮಿತಿಮೀರಿದರೆ ನಾಳಕ್ಕೆ ಕೇಡು ಅಂತ ಅಲ್ಲಿಂದ ತಿಳಿಯುತ್ತಾ ಬಂತು. ಆದರೆ ಕೇಡು ಹೇಗೆ ಆಗುತ್ತದೆ? ಅದು ಗೊತ್ತಾಗಲು ಇನ್ನೂ ಅರವತ್ತು ಎಪ್ಪತ್ತು ವರ್ಷ ಬೇಕಾಯಿತು.

ಗಾಡಿ ಮತ್ತು ಚೀಟಿ

ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ರಕ್ತದಲ್ಲಿ ಬಹುಪಾಲು ನೀರು. ಹಾಗಾಗಿ ಕೊಲೆಸ್ಟರಾಲನ್ನು ಊರೂರಿಗೆ ಸಾಗಿಸಲು ಮೈ ಒಂದು ಗಾಡಿ ಮಾಡಿಕೊಂಡಿದೆ. ಅದೇ ಲಿಪೊಪ್ರೋಟೀನ್. ಒಳಗೆ ಕೊಬ್ಬಿನ ಹೇರು, ಹೊರಗೆ ನೀರಿಗೆ ಹೊಂದುವ ತೆಳು ಪದರ, ಅದರ ಸುತ್ತ ಒಂದು ದೊಡ್ಡ ಪ್ರೋಟೀನು. ಇದರಲ್ಲಿ ಎಲ್.ಡಿ.ಎಲ್. ಅನ್ನುವ ಗಾಡಿ ರಕ್ತದ ಕೊಲೆಸ್ಟರಾಲಿನ ಹೆಚ್ಚಿನ ಪಾಲನ್ನು ಹೊರುತ್ತದೆ. ಒಂದೊಂದು ಗಾಡಿಯಲ್ಲೂ ಸುಮಾರು 1,500 ಕೊಲೆಸ್ಟರಾಲ್ ಅಣುಗಳ ಹೇರು. ಗಾಡಿಯೋ, ಒಂದು ಮಿಲಿಮೀಟರಿನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಸಾಲಾಗಿ ನಿಲ್ಲುವಷ್ಟು ಚಿಕ್ಕದು.

ಸುತ್ತಲಿನ ಆ ಪ್ರೋಟೀನನ್ನು ಮಾರುಕಟ್ಟೆ ಗೇಟಿನ ಚೀಟಿ ಅಂದುಕೊಳ್ಳಿ. ಅಮೆರಿಕದ ಟೆಕ್ಸಾಸಿನ ಡಲ್ಲಾಸಿನಲ್ಲಿ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ಇಬ್ಬರು 1970ರ ದಶಕದಲ್ಲಿ ಜೀವಕೋಶದ ಮೇಲಿರುವ ಗೇಟನ್ನು ಕಂಡುಹಿಡಿದರು. ಚೀಟಿ ಸರಿ ಇದ್ದರೆ ಗೇಟು ಗಾಡಿಯನ್ನು ಒಳಗೆ ಬಿಡುತ್ತದೆ. ಬೇಕಾದಷ್ಟು ಬಂದ ಮೇಲೆ ಜೀವಕೋಶ ಗೇಟುಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಹೊಟ್ಟೆ ತುಂಬಿದ ಮೇಲೆ ಎಲೆಗೆ ಕೈ ಅಡ್ಡ ಹಿಡಿದಂತೆ. ಈ ಶೋಧಕ್ಕೆ ಅವರಿಗೆ 1985ರಲ್ಲಿ ನೊಬೆಲ್ ಬಹುಮಾನ ಬಂತು.

ಆದರೆ ಅವರಿಗೇ ಒಂದು ಒಗಟು ಎದುರಾಯಿತು. ಹುಟ್ಟಿನಿಂದಲೇ ಈ ಗೇಟುಗಳಿಲ್ಲದ ಮಕ್ಕಳಿದ್ದಾರೆ. ಗೇಟಿಲ್ಲದ ಮೇಲೆ ಕೊಬ್ಬು ಒಳಗೆ ಹೋಗಬಾರದು ತಾನೇ? ಆದರೆ ಅವರ ರಕ್ತನಾಳದ ಗೋಡೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಕೊಬ್ಬು ತುಂಬಿದ ಕಣಗಳು ರಾಶಿ ಬಿದ್ದಿದ್ದವು. ಇವು ಮ್ಯಾಕ್ರೊಫೇಜ್ ಎಂಬ ಕಾವಲು ಕಣಗಳು. ಮೈಯೊಳಗಿನ ಕಸ ಬಾಚಿ ನುಂಗುವುದು ಇವುಗಳ ಕಸುಬು. ವಿಚಿತ್ರವೆಂದರೆ, ಪ್ರಯೋಗಶಾಲೆಯಲ್ಲಿ ಈ ಕಣಗಳ ಮುಂದೆ ಒಳ್ಳೆಯ ಎಲ್.ಡಿ.ಎಲ್. ಇಟ್ಟರೆ ಅವು ಅಷ್ಟಾಗಿ ಮುಟ್ಟುವುದಿಲ್ಲ. 1979ರಲ್ಲಿ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಗುಂಪು ಎಲ್.ಡಿ.ಎಲ್.ನ ಪ್ರೋಟೀನನ್ನು ರಾಸಾಯನಿಕದಿಂದ ಕೆಡಿಸಿ ಇಟ್ಟಿತು. ಗಬಗಬ ನುಂಗಿದವು. ಅಂದರೆ ಕೆಟ್ಟ ಚೀಟಿಯ ಗಾಡಿಗೆ ಬೇರೆಯೇ ಒಂದು ಬಾಗಿಲಿದೆ. ಆ ಬಾಗಿಲಿಗೆ ಮುಚ್ಚುವ ಲೆಕ್ಕವೇ ಇಲ್ಲ.

ಹಾಗಾದರೆ ಮನುಷ್ಯನ ಮೈಯಲ್ಲಿ ಚೀಟಿ ಕೆಡಿಸುವವರು ಯಾರು?

ಕಮಟು

ಈ ಪ್ರಶ್ನೆಗೆ ಉತ್ತರ ಗೊತ್ತಾಗಲು ನೀವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಸುಲಿದ ಕಡಲೇಬೀಜವನ್ನು ಬೇಸಗೆ ಪೂರ್ತಿ ತೆರೆದಿಟ್ಟು ಮೂಸಿ ನೋಡಿ. ಕಮಟು ವಾಸನೆ. ಎಣ್ಣೆಗೆ ಗಾಳಿಯೊಳಗಿನ ಆಮ್ಲಜನಕ ತಗುಲಿ ಕೆಡುವುದು ಅದು. ಕಬ್ಬಿಣಕ್ಕೆ ತುಕ್ಕು, ಎಣ್ಣೆಗೆ ಕಮಟು. ಪುಸ್ತಕದವರು ಇದನ್ನು ಉತ್ಕರ್ಷಣ ಅನ್ನುತ್ತಾರೆ.

1980ರ ದಶಕದ ಮೊದಲ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಡೇನಿಯಲ್ ಸ್ಟೈನ್‌ಬರ್ಗ್ ಗುಂಪು, ಕ್ಲೀವ್‌ಲ್ಯಾಂಡಿನಲ್ಲಿ ಇನ್ನೊಂದು ಗುಂಪು, ಎಲ್.ಡಿ.ಎಲ್. ಕೂಡ ಹೀಗೇ ಕಮಟಾಗುತ್ತದೆ ಅಂತ ತೋರಿಸಿದವು. 1989ರಲ್ಲಿ ಸ್ಟೈನ್‌ಬರ್ಗ್ ಮತ್ತು ಜೊತೆಗಾರರು ಈ ವಾದವನ್ನು ಒಟ್ಟುಗೂಡಿಸಿ ಬರೆದರು. ಆ ಬರಹಕ್ಕೆ ಸಹಿ ಹಾಕಿದವರಲ್ಲಿ ನಮ್ಮ ದೇಶದಿಂದ ಹೋದ ಸಂಪತ್ ಪಾರ್ಥಸಾರಥಿ ಕೂಡ ಒಬ್ಬರು.

ಆಗುವುದು ಹೀಗೆ. ರಕ್ತದಲ್ಲಿ ಎಲ್.ಡಿ.ಎಲ್. ಗಾಡಿಗಳು ಹೆಚ್ಚಾದಾಗ ಕೆಲವು ರಕ್ತನಾಳದ ಒಳಗೋಡೆ ದಾಟಿ ಒಳಗೆ ಸಿಕ್ಕಿಬೀಳುತ್ತವೆ. ಹರಿಯುವ ರಕ್ತದಲ್ಲಿ ಕಮಟು ತಡೆಯುವ ವಸ್ತುಗಳು ಬೇಕಾದಷ್ಟಿವೆ. ಗೋಡೆಯ ಸಂದಿಯಲ್ಲಿ ಆ ರಕ್ಷಣೆ ಸಾಲದು. ಗಾಡಿಯೇ ತನ್ನ ಜೊತೆ ‘ಇ’ ಜೀವಸತ್ವದ ಆರೇಳು ಅಣುಗಳನ್ನು ಕಾವಲಿಗೆ ಇಟ್ಟುಕೊಂಡಿರುತ್ತದೆ. ಆ ಕಾವಲು ಮುಗಿದ ಮೇಲೆ ಹೇರಿನ ಕೊಬ್ಬಿನಾಮ್ಲಗಳು, ಅದರಲ್ಲೂ ಲಿನೋಲಿಕ್‌ನಂಥ ಬೇಗ ಕೆಡುವ ಆಮ್ಲಗಳು, ಆಮ್ಲಜನಕಕ್ಕೆ ಸಿಕ್ಕಿ ಒಂದರಿಂದ ಒಂದಕ್ಕೆ ಹತ್ತಿಕೊಳ್ಳುತ್ತಾ ಹೋಗುತ್ತವೆ. ಒಂದು ಬಣವೆಗೆ ಬಿದ್ದ ಬೆಂಕಿ ಪಕ್ಕದ ಬಣವೆಗೆ ಹಾರಿದ ಹಾಗೆ. ಆ ಅಣುಗಳು ಒಡೆದು ಹುಟ್ಟಿದ ಚೂರುಗಳು ಹೋಗಿ ಪ್ರೋಟೀನಿಗೆ ಅಂಟುತ್ತವೆ. ಚೀಟಿ ಮಸಿಯಾಯಿತು. ಇನ್ನು ಸರಿಯಾದ ಗೇಟು ಆ ಗಾಡಿಯನ್ನು ಗುರುತಿಸುವುದಿಲ್ಲ. ಕಾವಲು ಕಣ ಮಾತ್ರ ಕಸವೆಂದು ತಿಳಿದು ನುಂಗುತ್ತದೆ, ಮತ್ತೆ ನುಂಗುತ್ತದೆ, ಸಾಕು ಅನ್ನುವುದೇ ಇಲ್ಲ. ಕೊನೆಗೆ ಒಳಗೆಲ್ಲ ಕೊಬ್ಬಿನ ಗುಳ್ಳೆ ತುಂಬಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೋಪಿನ ನೊರೆಯಂತೆ ಕಾಣುತ್ತದೆ. ನೊರೆಕಣ ಅಂತಲೇ ಹೆಸರು. ಇಂಥವು ಸತ್ತು, ಗಟ್ಟಿಯಾಗಿ, ಮೇಲೆ ತೆಳು ಹೊದಿಕೆ ಕಟ್ಟಿಕೊಂಡು ವರ್ಷಗಟ್ಟಲೆ ಕೂತಿರುತ್ತವೆ. ಒಂದು ದಿನ ಹೊದಿಕೆ ಬಿರಿಯುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ, ಬಾಡಿಗೆ ಕಾರು ಬರುತ್ತದೆ.

ಬೀಡಿ ಸಿಗರೇಟಿನ ಹೊಗೆ ಈ ಕಮಟಿಗೆ ಗಾಳಿ ಹಾಕುತ್ತದೆ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯೂ ಹಾಗೆಯೇ. ಸಂಘದ ಸಭೆಯಲ್ಲಿ ಒಂದು ಭಾಷಣಕ್ಕೆ ನಾಲ್ಕು ಬೀಡಿ ಸುಡುವ ನಮ್ಮ ಅಣ್ಣಂದಿರು ಈ ಸಾಲನ್ನು ಎರಡು ಸಲ ಓದಬೇಕು.

ಎರಡನೆಯ ಅಂಗಡಿ

ಇಷ್ಟು ಗೊತ್ತಾದದ್ದೇ ತಡ, ಎರಡನೆಯ ವ್ಯಾಪಾರಿ ಅಂಗಡಿ ತೆರೆದ. “ಕಮಟೇ ಕಾಯಿಲೆಯಾದರೆ ಕಮಟು ತಡೆಯುವ ಗುಳಿಗೆ ನುಂಗಿ!” ‘ಇ’ ಜೀವಸತ್ವ, ‘ಸಿ’ ಜೀವಸತ್ವ, ಬೀಟಾ ಕ್ಯಾರೊಟಿನ್, ಡಬ್ಬಕ್ಕೆ ನೂರಾರು ರೂಪಾಯಿ. ಬುಡವಿಲ್ಲದ ಮಾತೇನಲ್ಲ. 1987ರಲ್ಲಿ ಉತ್ಕರ್ಷಣ ತಡೆಯುವ ಪ್ರೊಬ್ಯುಕಾಲ್ ಎಂಬ ಔಷಧಿ ಮೊಲಗಳಲ್ಲಿ ನಾಳದ ಕೊಬ್ಬನ್ನು ನಿಧಾನಗೊಳಿಸಿತ್ತು. ಆದರೆ ಮೊಲದಲ್ಲಿ ಗೆದ್ದದ್ದು ಮನುಷ್ಯನಲ್ಲಿ ಗೆಲ್ಲಬೇಕಲ್ಲ?

ಪರೀಕ್ಷೆ ಮಾಡಿದರು. 1994ರಲ್ಲಿ ಫಿನ್ಲೆಂಡಿನ 29,133 ಧೂಮಪಾನಿಗಳ ಮೇಲಿನ ಪರೀಕ್ಷೆಯ ಫಲ ಬಂತು: ಬೀಟಾ ಕ್ಯಾರೊಟಿನ್ ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು! 2000ದಲ್ಲಿ ಬಂದ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಿ ನಾಲ್ಕೂವರೆ ವರ್ಷ ‘ಇ’ ಜೀವಸತ್ವ ನುಂಗಿದವರಿಗೂ ನುಂಗದವರಿಗೂ ಹೃದಯದ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಮೂರನೆಯದನ್ನು ನೀವು ನೆನಪಿನಲ್ಲಿ ಗಂಟು ಹಾಕಿಕೊಳ್ಳಬೇಕು. 2002ರಲ್ಲಿ ಫಲ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆ. 20,536 ಜನ. ಅದೇ ಜನರ ಮೇಲೆ ಎರಡು ವಸ್ತುಗಳನ್ನು ಅಕ್ಕಪಕ್ಕ ತೂಗಿ ನೋಡಿದರು. ಒಂದು ಕಡೆ ‘ಇ’, ‘ಸಿ’, ಬೀಟಾ ಕ್ಯಾರೊಟಿನ್ ಮೂರೂ ಸೇರಿದ ಗುಳಿಗೆ. ಇನ್ನೊಂದು ಕಡೆ ಎಲ್.ಡಿ.ಎಲ್. ಗಾಡಿಗಳ ಸಂಖ್ಯೆಯನ್ನೇ ಇಳಿಸುವ ಸಿಮ್ವಸ್ಟಾಟಿನ್. ಜೀವಸತ್ವದ ಗುಳಿಗೆಯಿಂದ ಲಾಭ ಸೊನ್ನೆ. ಸಿಮ್ವಸ್ಟಾಟಿನ್‌ನಿಂದ ಹೃದಯಾಘಾತ, ಲಕ್ವ ಮುಂತಾದ ದೊಡ್ಡ ಹೊಡೆತಗಳು ಸುಮಾರು ಕಾಲು ಭಾಗ ಕಡಿಮೆಯಾದವು.

ಅರ್ಥವಾಯಿತೇ? ಕಮಟಿನ ವಿಚಾರ ಸುಳ್ಳಲ್ಲ. ಆದರೆ ಅದನ್ನು ಗುಳಿಗೆಯಿಂದ ತಡೆಯುತ್ತೇವೆ ಅನ್ನುವುದು ಮನುಷ್ಯನ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಸಂದಿಯಲ್ಲಿ ಸಿಕ್ಕಿಕೊಳ್ಳುವ ಗಾಡಿಗಳನ್ನೇ ಕಡಿಮೆ ಮಾಡಿದರೆ ಕೆಡುವುದಕ್ಕೂ ಕಡಿಮೆ ಉಳಿಯುತ್ತದೆ. ಹುಳ ಹಿಡಿಯುವ ಕಾಳನ್ನು ಎರಡು ವರ್ಷ ಗೋಣಿಯಲ್ಲಿಟ್ಟುಕೊಂಡು ಮೇಲೆ ಬೂದಿ ಚೆಲ್ಲುತ್ತಾ ಕೂರುವವನು ಜಾಣನೋ, ಮನೆಗೆ ಬೇಕಾದಷ್ಟೇ ಇಟ್ಟುಕೊಳ್ಳುವವನು ಜಾಣನೋ?

ಈ ಸ್ಟಾಟಿನ್ ಔಷಧಿಗಳ ಹುಟ್ಟು ಕೇಳಿ. ಜಪಾನಿನ ಅಕಿತ ಪ್ರಾಂತದ ರೈತರ ಮನೆಯ ಹುಡುಗ ಅಕಿರಾ ಎಂಡೊ. ಔಷಧಿ ಕಂಪನಿಯ ವಿಜ್ಞಾನಿಯಾಗಿ ಸುಮಾರು ಆರು ಸಾವಿರ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿ, 1973ರಲ್ಲಿ ಅಕ್ಕಿಯಿಂದ ತೆಗೆದ ಒಂದು ಬೂಸ್ಟಿನಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದರು. 2024ರಲ್ಲಿ ತೀರಿಕೊಂಡರು. ಜಗತ್ತು ಸ್ಟಾಟಿನ್ ಮಾರಿ ಲೆಕ್ಕವಿಲ್ಲದಷ್ಟು ಹಣ ಮಾಡಿತು. ಅಕ್ಕಿಯ ಬೂಸ್ಟನ್ನು ಕಂಡ ರೈತನ ಮಗ ಅದರಿಂದ ಧನಿಕನಾಗಲಿಲ್ಲ. ಇದು ನಮಗೆ ಹೊಸ ಕಥೆಯಲ್ಲ ಬಿಡಿ. ಇಂದು ಈ ಗುಂಪಿನ ಅಟೊರ್ವಸ್ಟಾಟಿನ್ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಯಾರಿಗೆ ಬೇಕು, ಎಷ್ಟು ಬೇಕು ಅಂತ ವೈದ್ಯರೇ ಹೇಳಬೇಕು. ಆದರೆ “ಕೊಲೆಸ್ಟರಾಲ್ ಎಲ್ಲಾ ಸುಳ್ಳಂತೆ, ಕಮಟು ಮಾತ್ರ ನಿಜವಂತೆ” ಅನ್ನುವ ಮಾತು ಕೇಳಿ ವೈದ್ಯರು ಕೊಟ್ಟ ಮಾತ್ರೆಯನ್ನು ತಾನಾಗಿ ನಿಲ್ಲಿಸಿದವನು ತನ್ನ ಮನೆಗೆ ತಾನೇ ಸಾಲ ಬರೆದುಕೊಟ್ಟ ಹಾಗೆ.

ನಮ್ಮವರಿಗೂ ಒಂದು ಮಾತು

ಬೇರೆಯವರ ಅರ್ಧ ವಿಜ್ಞಾನವನ್ನು ಬೈಯುವ ನಾವು ನಮ್ಮದನ್ನು ಮುಚ್ಚಿಡಬಾರದು. ತಿಪಟೂರಿನ ಕಡೆಯ ಗೆಳೆಯರು ಕೋಪಿಸಿಕೊಳ್ಳಬೇಡಿ. ಕೊಬ್ಬರಿ ಎಣ್ಣೆ ಬೇಗ ಕಮಟಾಗುವುದಿಲ್ಲ, ನಿಜ. ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ಸ್ಯಾಚುರೇಟೆಡ್ ಕೊಬ್ಬು. ಆದರೆ ಅದೇ ಕಾರಣಕ್ಕೆ ಅದು ರಕ್ತದ ಎಲ್.ಡಿ.ಎಲ್. ಏರಿಸುತ್ತದೆ. 2020ರಲ್ಲಿ 16 ಪರೀಕ್ಷೆಗಳನ್ನು ಒಟ್ಟು ಲೆಕ್ಕ ಹಾಕಿದಾಗ, ಕಡಲೇಕಾಯಿ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಅದು ಎಲ್.ಡಿ.ಎಲ್. ಅನ್ನು ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಹೆಚ್ಚಿಸುವುದು ಕಂಡಿತು. ಕೊಬ್ಬರಿಗೆ ನ್ಯಾಯವಾದ ಬೆಲೆ ಬೇಕು ಅಂತ ರಸ್ತೆಯಲ್ಲಿ ಕೂರೋಣ. ಕೊಬ್ಬರಿ ಎಣ್ಣೆ ಕುಡಿದರೆ ಎದೆ ಗಟ್ಟಿ ಅಂತ ಸುಳ್ಳು ಹೇಳಿ ಕೂರುವುದು ಬೇಡ. ಸುಳ್ಳಿನ ಮೇಲೆ ಕಟ್ಟಿದ ಬೆಲೆ ಮೊದಲ ಗಾಳಿಗೇ ಬೀಳುತ್ತದೆ.

ಕಡಲೇಕಾಯಿ ಎಣ್ಣೆಯ ಲೆಕ್ಕ ಚೆನ್ನಾಗಿದೆ. ಅದರಲ್ಲಿ ಸುಮಾರು ಅರ್ಧದಷ್ಟು ಓಲಿಯಿಕ್ ಆಮ್ಲ. ಲಿನೋಲಿಕ್‌ಗಿಂತ ಇದಕ್ಕೆ ಕಮಟು ಹಿಡಿಯುವುದು ಬಹಳ ನಿಧಾನ. ಓಲಿಯಿಕ್ ಹೆಚ್ಚಿರುವ ಆಹಾರ ತಿಂದವರ ಎಲ್.ಡಿ.ಎಲ್. ಉತ್ಕರ್ಷಣಕ್ಕೆ ಬೇಗ ಬಗ್ಗುವುದಿಲ್ಲ ಅಂತ ಸ್ಯಾನ್ ಡಿಯೇಗೊದವರೇ 1990ರ ದಶಕದ ಆರಂಭದಲ್ಲಿ ತೋರಿಸಿದರು. ಚಳ್ಳಕೆರೆ, ಪಾವಗಡದ ಒಣಭೂಮಿಯ ಬೆಳೆಗೆ ಇದು ಮರ್ಯಾದೆಯ ಮಾತು. ಆದರೆ ಗಾಣದ್ದೇ ಆಗಲಿ, ಕಂಪನಿಯದ್ದೇ ಆಗಲಿ, ಮಿತಿಮೀರಿ ಸುರಿದರೆ ಎಣ್ಣೆ ಎಣ್ಣೆಯೇ.

ಬಾಣಲೆಯ ರಾಜಕೀಯ

ಈಗ ಬೆಲೆಯ ಮಾತಿಗೆ ಬನ್ನಿ. ಬಸ್‌ಸ್ಟ್ಯಾಂಡಿನಲ್ಲಿ ಬೋಂಡ ಕರಿಯುವ ಬಾಣಲೆ ನೋಡಿದ್ದೀರಿ. ಎಣ್ಣೆ ಕಪ್ಪಾಗಿ, ಅಂಟಂಟಾಗಿ, ಹೊಗೆ ಕಾರುತ್ತಿರುತ್ತದೆ. ನಿನ್ನೆಯದಕ್ಕೆ ಇವತ್ತಿನದು, ಇವತ್ತಿನದಕ್ಕೆ ನಾಳೆಯದು. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಉತ್ಕರ್ಷಣದಿಂದಲೇ ಕೆಡುತ್ತದೆ. ಇಂಥ ಕೆಟ್ಟ ಕೊಬ್ಬಿನ ಒಂದು ಪಾಲು ಕರುಳು ದಾಟಿ ರಕ್ತದ ಕೊಬ್ಬಿನ ಕಣಗಳಲ್ಲೂ ಕಾಣಿಸಿಕೊಳ್ಳುತ್ತದೆ ಅಂತ ಮನುಷ್ಯರ ಮೇಲಿನ ಪ್ರಯೋಗಗಳು ತೋರಿಸಿವೆ. ಇದಕ್ಕೆ ಕಾನೂನು ಇಲ್ಲವೇ? ಇದೆ. ಕರಿಯುವ ಎಣ್ಣೆಯಲ್ಲಿ ಕೆಟ್ಟ ಭಾಗ, ಅಂದರೆ ಪೋಲಾರ್ ವಸ್ತುಗಳು, ಶೇ. 25 ಮೀರಿದರೆ ಚೆಲ್ಲಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ನಿಮ್ಮ ತಾಲ್ಲೂಕಿನಲ್ಲಿ ಬಾಣಲೆಗೆ ಮೀಟರು ಹಾಕಿ ನೋಡಿದ ಅಧಿಕಾರಿಯನ್ನು ನೀವು ಕಂಡಿದ್ದೀರಾ? ಬೋಂಡದವನನ್ನು ಬೈದು ಪ್ರಯೋಜನವಿಲ್ಲ. ಅವನೂ ದಿನವಹಿ ಬಡ್ಡಿಯವನ ಕೈಯಲ್ಲಿದ್ದಾನೆ. ದಿನಾ ಹೊಸ ಎಣ್ಣೆ ಸುರಿದರೆ ಅವನ ಸಂಜೆಯ ಕಂತು ಹುಟ್ಟುವುದಿಲ್ಲ.

ನಮ್ಮ ದೇಶ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಅದರಲ್ಲಿ ದೊಡ್ಡ ಪಾಲು ತಾಳೆ ಎಣ್ಣೆ, ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು, ಎಲ್.ಡಿ.ಎಲ್. ಏರಿಸುವಂಥದ್ದು. ಮೊದಲು ಹೀಗಿರಲಿಲ್ಲ. 1986ರಲ್ಲಿ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಶುರುವಾಗಿ, 1990ರ ದಶಕದ ಮೊದಲ ವರ್ಷಗಳಲ್ಲಿ ದೇಶ ಬಹುತೇಕ ತನ್ನ ಎಣ್ಣೆಯನ್ನು ತಾನೇ ಬೆಳೆದುಕೊಂಡಿತ್ತು. 1994ರಲ್ಲಿ ತಾಳೆ ಎಣ್ಣೆಯ ಮುಕ್ತ ಆಮದಿಗೆ ಬಾಗಿಲು ತೆಗೆದರು. ಆಮೇಲೆ ಸುಂಕ ಇಳಿಸುತ್ತಾ ಹೋದರು.

ಇತ್ತೀಚಿನ ನಾಟಕ ನೋಡಿ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೇಲೆ ಶೇ. 20 ಮೂಲ ಸುಂಕ ಹಾಕಿದರು. 2025ರ ಮೇ 28ರಂದು ಕಡಲೇಕಾಯಿಗೆ ಕ್ವಿಂಟಲಿಗೆ 7,263 ರೂಪಾಯಿ ಬೆಂಬಲ ಬೆಲೆ ಅಂತ ಡಂಗುರ ಹೊಡೆದರು. ಎರಡೇ ದಿನದ ಮೇಲೆ, ಮೇ 30ರಂದು, ಆ ಸುಂಕವನ್ನು ಶೇ. 10ಕ್ಕೆ ಇಳಿಸಿದರು. ನಾವು ಬಿತ್ತನೆಗೆ ಬೀಜ ಸುಲಿಯುತ್ತಾ ಕೂತಿದ್ದಾಗ! ಬಲಗೈಯಲ್ಲಿ ಬೆಲೆ ಕೊಟ್ಟು ಎಡಗೈಯಲ್ಲಿ ಬೆಲೆ ಕಿತ್ತುಕೊಳ್ಳುವುದೆಂದರೆ ಇದೇ.

ಹೀಗೆ ಒಳ್ಳೆಯ ಕಾಳು ಬೆಳೆದವನಿಗೆ ಬೆಲೆಯಿಲ್ಲ. ಅವನೇ ಪಟ್ಟಣಕ್ಕೆ ಹೋದಾಗ ತಿನ್ನುವುದು ಮೂರು ದಿನದ ಎಣ್ಣೆಯ ಬೋಂಡ. ಎದೆ ನೋವು ಬಂದಾಗ ಆಸ್ಪತ್ರೆಗೆ ಕಟ್ಟುವುದು ಕೈಸಾಲ. ನಮ್ಮ ರಕ್ತನಾಳದಲ್ಲಿ ಕಟ್ಟಿಕೊಳ್ಳುತ್ತಿರುವುದು ಬರೀ ಕೊಬ್ಬಲ್ಲ ಅಣ್ಣಂದಿರೇ, ಆಮದು ನೀತಿಯೂ ಅದರೊಳಗಿದೆ.

ಏನು ಕೇಳೋಣ?

ಒಂದು: ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಲವತ್ತು ದಾಟಿದ ಪ್ರತಿಯೊಬ್ಬರಿಗೂ ಬಿ.ಪಿ., ಸಕ್ಕರೆ, ಎಲ್.ಡಿ.ಎಲ್. ಪರೀಕ್ಷೆ ಪುಕ್ಕಟೆ ಆಗಬೇಕು. ಬೇಕಾದವರಿಗೆ ಸ್ಟಾಟಿನ್ ಮಾತ್ರೆ ಅಲ್ಲೇ ಸಿಗಬೇಕು, ವರ್ಷಪೂರ್ತಿ ಸಿಗಬೇಕು.

ಎರಡು: ಕರಿದ ಎಣ್ಣೆಯ ನಿಯಮ ದೊಡ್ಡ ಹೋಟೆಲಿನಿಂದ ಶುರುವಾಗಿ ಜಾರಿಯಾಗಬೇಕು. ಅವರು ಬಿಟ್ಟ ಎಣ್ಣೆ ಬಡವರ ಬಾಣಲೆಗೆ ಇಳಿಯಬಾರದು.

ಮೂರು: ಬಿತ್ತನೆಯಿಂದ ಕೊಯ್ಲಿನವರೆಗೆ ಎಣ್ಣೆಯ ಆಮದು ಸುಂಕ ಇಳಿಸಕೂಡದು. ಬೆಂಬಲ ಬೆಲೆ ಅಂದರೆ ಕಾಗದವಲ್ಲ, ಖರೀದಿ ಕೇಂದ್ರ.

ನಾಲ್ಕು: ಯಾವ ಎಣ್ಣೆಯಲ್ಲೂ ಇಲ್ಲದ್ದನ್ನು ತನ್ನ ಎಣ್ಣೆಯಲ್ಲಿ ಮಾತ್ರ ಇಲ್ಲವೆಂದು ಹಾಡುವ ಜಾಹೀರಾತು ನಿಲ್ಲಬೇಕು.

ಇವು ಸರ್ಕಾರಕ್ಕೆ. ನಿಮಗೆ ಮತ್ತು ನನಗೆ ಎರಡೇ ಮಾತು. ಬೀಡಿ ಬಿಡಿ. ಮುಂದಿನ ಸಂತೆಯ ದಿನ ಬಟ್ಟೆ ಅಂಗಡಿಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬನ್ನಿ, ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ಎಲ್.ಡಿ.ಎಲ್. ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮಂಡಿಯಲ್ಲಿ ತೂಕದ ಚೀಟಿ ನೋಡದೆ ಮೂಟೆ ಬಿಡುವುದಿಲ್ಲ ತಾನೇ? ನಮ್ಮ ಮೈಯ ಚೀಟಿಯನ್ನೂ ಹಾಗೇ ಕೇಳಿ ಓದಿಸಿಕೊಳ್ಳೋಣ. ಪರೀಕ್ಷೆ ಇಲ್ಲ, ಮಾತ್ರೆ ಇಲ್ಲ ಅಂತ ವಾಪಸು ಕಳಿಸಿದರೆ ಒಬ್ಬರೇ ಹಿಂತಿರುಗಬೇಡಿ. ಮರುದಿನ ಐವತ್ತು ಜನ ಹೋಗಿ.